‘ಹವಾಮಾನ ಬಲೂನು’ ಎಂದರೆ ಯಾರೂ ನಂಬದಂತಾದದ್ದು ಹೇಗೆ? 2023ರ ಫೆಬ್ರವರಿಯ ಹೊಡೆದುರುಳಿಸುವಿಕೆಗಳ ಕುರಿತು ಚರ್ಚೆ

ನಿಧಾನವಾಣಿ

2023ರ ಫೆಬ್ರವರಿ 4ರಿಂದ 12ರವರೆಗಿನ ಒಂಬತ್ತು ದಿನಗಳಲ್ಲಿ ಅಮೆರಿಕ ಮತ್ತು ಕೆನಡಾದ ಆಕಾಶದಲ್ಲಿ ನಾಲ್ಕು ವಸ್ತುಗಳನ್ನು ಯುದ್ಧವಿಮಾನಗಳು ಹೊಡೆದುರುಳಿಸಿದವು. ಮೊದಲನೆಯದು ಚೀನಾದ ಬಲೂನು. ಜನವರಿ 28ರಂದು ಅಲಾಸ್ಕಾದ ಬಳಿ ಅಮೆರಿಕದ ವಾಯುಪ್ರದೇಶವನ್ನು ಹೊಕ್ಕು, ಕೆನಡಾದ ಮೇಲೆ ಹಾದು, ಐಡಾಹೊ ಮೂಲಕ ಮರಳಿ ಅಮೆರಿಕಕ್ಕೆ ಬಂದ ಈ ಬಲೂನನ್ನು ಮೊಂಟಾನಾದ ಬಿಲ್ಲಿಂಗ್ಸ್ ನಗರದ ಜನ ನೆಲದಿಂದಲೇ ಕಂಡು ಫೋಟೊ ತೆಗೆದ ಮೇಲಷ್ಟೇ ಸರ್ಕಾರ ಅದರ ಬಗ್ಗೆ ಬಾಯಿ ಬಿಟ್ಟಿತು. ಫೆಬ್ರವರಿ 4ರಂದು ದಕ್ಷಿಣ ಕ್ಯಾರೊಲಿನಾದ ಕಡಲತೀರದಿಂದ ಸುಮಾರು ಆರು ನಾಟಿಕಲ್ ಮೈಲಿ ಆಚೆ ಎಫ್-22 ವಿಮಾನವೊಂದು ಅದನ್ನು ಉರುಳಿಸಿತು. ಸುಮಾರು 200 ಅಡಿ ಎತ್ತರದ ಬಲೂನದು. ಅವಶೇಷಗಳು ಸಿಕ್ಕವು, ಎಫ್‌ಬಿಐ ಪ್ರಯೋಗಾಲಯಕ್ಕೆ ಹೋದವು. ಅದರ ವಿಷಯದಲ್ಲಿ ನನಗೆ ಹೆಚ್ಚಿನ ತಕರಾರಿಲ್ಲ.

ನಾನು ಕೇಳಬೇಕೆಂದಿರುವುದು ಉಳಿದ ಮೂರರ ಬಗ್ಗೆ. ಫೆಬ್ರವರಿ 10ರಂದು ಅಲಾಸ್ಕಾದ ಉತ್ತರ ಕರಾವಳಿಯ ಡೆಡ್‌ಹಾರ್ಸ್ ಬಳಿ ಸುಮಾರು 40,000 ಅಡಿ ಎತ್ತರದಲ್ಲಿದ್ದ, ‘ಸಣ್ಣ ಕಾರಿನಷ್ಟು ದೊಡ್ಡದು’ ಎಂದು ವರ್ಣಿಸಲಾದ ವಸ್ತು; 11ರಂದು ಕೆನಡಾದ ಯೂಕಾನ್ ಪ್ರಾಂತದ ಮೇಲಿದ್ದ ಸಿಲಿಂಡರ್ ಆಕಾರದ ವಸ್ತು; 12ರಂದು ಅಮೆರಿಕ–ಕೆನಡಾ ಗಡಿಯ ಹ್ಯೂರನ್ ಸರೋವರದ ಮೇಲೆ ಸುಮಾರು 20,000 ಅಡಿಯಲ್ಲಿದ್ದ, ಎಂಟು ಮೂಲೆಗಳಿದ್ದು ದಾರಗಳು ನೇತಾಡುತ್ತಿದ್ದ ವಸ್ತು. ಈ ಕೊನೆಯದಕ್ಕೆ ಹಾರಿಸಿದ ಮೊದಲ ಕ್ಷಿಪಣಿ ಗುರಿ ತಪ್ಪಿ ಸರೋವರಕ್ಕೆ ಬಿತ್ತೆಂಬುದನ್ನು ಸೇನಾ ಮುಖ್ಯಸ್ಥ ಮಾರ್ಕ್ ಮಿಲಿ ಅವರೇ ಒಪ್ಪಿಕೊಂಡರು. 16ರಂದು ಅಧ್ಯಕ್ಷ ಬೈಡನ್ ಮಾತನಾಡಿ, ಈ ಮೂರೂ ಬಹುಶಃ ಖಾಸಗಿ ಕಂಪನಿಗಳಿಗೋ ಹವ್ಯಾಸಿಗಳಿಗೋ ಸಂಶೋಧನಾ ಸಂಸ್ಥೆಗಳಿಗೋ ಸೇರಿದ ಬಲೂನುಗಳಿರಬೇಕು, ಚೀನಾದ ಯೋಜನೆಗೂ ಇವುಗಳಿಗೂ ನಂಟಿದೆಯೆಂದು ತೋರಿಸುವಂಥದ್ದು ಏನೂ ಸಿಕ್ಕಿಲ್ಲ ಎಂದರು. ಅದರ ಮರುದಿನವೇ ಅಲಾಸ್ಕಾ ಮತ್ತು ಹ್ಯೂರನ್‌ನಲ್ಲಿ ಅಮೆರಿಕದ ಶೋಧವನ್ನು ಕೈಬಿಡಲಾಯಿತು.

ನನ್ನ ಊಹೆಯಲ್ಲಿ ಬೈಡನ್ ಹೇಳಿದ್ದು ನಿಜ. ಆದರೂ ನಾನು ಮಾತನಾಡಿಸಿದ ಹತ್ತು ಜನರಲ್ಲಿ ಒಬ್ಬರೂ ಅದನ್ನು ನಂಬುವುದಿಲ್ಲ. ಒಬ್ಬರಿಗೆ ಅದು ಚೀನಾದ್ದು, ಇನ್ನೊಬ್ಬರಿಗೆ ಅನ್ಯಗ್ರಹದ್ದು, ಮತ್ತೊಬ್ಬರಿಗೆ ಅಮೆರಿಕದ್ದೇ ರಹಸ್ಯ ಯಂತ್ರ. ಅತ್ಯಂತ ಸರಳವೂ ಸಪ್ಪೆಯೂ ಆದ ವಿವರಣೆಯೇ ಯಾರಿಗೂ ಬೇಡವಾಗಿರುವುದೇಕೆ? ಜನರ ಮೌಢ್ಯ ಎಂದು ತಳ್ಳಿಹಾಕುವ ಉತ್ತರಗಳು ನನಗೆ ಬೇಡ.

ರೇಡಾರ್ ಕಿವಿ

ಮೊದಲು ಯಂತ್ರದ ಕಡೆಯಿಂದ ನೋಡೋಣ. ಅನುಮಾನದ ಅರ್ಧ ಅಲ್ಲೇ ಹುಟ್ಟಿದೆ. ‘ಇಷ್ಟು ವರ್ಷ ಏನೂ ಇರಲಿಲ್ಲ, ಮೂರು ದಿನಕ್ಕೆ ಮೂರು ಹೇಗೆ ಬಂದವು?’ ಎಂಬುದು ಎಲ್ಲರೂ ಕೇಳಿದ ಪ್ರಶ್ನೆ. ಬಂದದ್ದಲ್ಲ, ಕಂಡದ್ದು.

ವಾಯುರಕ್ಷಣಾ ರೇಡಾರ್‌ಗೆ ಮರಳಿ ಬರುವ ಪ್ರತಿಧ್ವನಿಗಳಲ್ಲಿ ಹಕ್ಕಿಗಳ ಹಿಂಡು, ಮಳೆಮೋಡ, ಬೆಟ್ಟ, ಅಲೆ ಎಲ್ಲವೂ ಇರುತ್ತವೆ. ಅದೆಲ್ಲವನ್ನೂ ತೆರೆಯ ಮೇಲೆ ತೋರಿಸಿದರೆ ಕುಳಿತು ನೋಡುವವನಿಗೆ ಏನೂ ಕಾಣದು. ಆದ್ದರಿಂದ ಇಂತಿಷ್ಟಕ್ಕಿಂತ ನಿಧಾನವಾಗಿ ಚಲಿಸುವುದನ್ನೆಲ್ಲ ಯಂತ್ರವೇ ಜರಡಿ ಹಿಡಿದು ತೆಗೆದುಹಾಕುತ್ತದೆ. ಬಾಂಬರ್ ವಿಮಾನವನ್ನೂ ಕ್ಷಿಪಣಿಯನ್ನೂ ಹುಡುಕುವುದಕ್ಕೆಂದೇ 1958ರಿಂದ ಇರುವ, ಅಮೆರಿಕ ಮತ್ತು ಕೆನಡಾದ ಜಂಟಿ ವಾಯುರಕ್ಷಣೆಯ ನೋರಾಡ್ ವ್ಯವಸ್ಥೆಗೆ, ಗಾಳಿ ಕರೆದೊಯ್ದತ್ತ ತೇಲುವ ಬಲೂನು ಎಂದೂ ಲೆಕ್ಕಕ್ಕೆ ಬರಬೇಕಾದ ವಸ್ತುವಾಗಿರಲಿಲ್ಲ. ಹಿಂದಿನ ವರ್ಷಗಳಲ್ಲೂ ಚೀನಾದ ಬಲೂನುಗಳು ಬಂದುಹೋಗಿದ್ದವೆಂದೂ ಅವು ಆ ಹೊತ್ತಿಗೆ ತಮ್ಮ ಕಣ್ಣಿಗೆ ಬೀಳಲಿಲ್ಲವೆಂದೂ ನೋರಾಡ್ ದಳಪತಿ ಜನರಲ್ ಗ್ಲೆನ್ ವ್ಯಾನ್‌ಹೆರ್ಕ್ ಒಪ್ಪಿಕೊಂಡರು. ಫೆಬ್ರವರಿ 4ರ ನಂತರ ಅವರು ಆ ಜರಡಿಯ ಕಣ್ಣನ್ನು ಸಣ್ಣದು ಮಾಡಿದರು. ಊರು ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎನ್ನಬಹುದು. ಬಾಗಿಲು ಹಾಕಿದವರಿಗೆ ಒಳಗೆ ಯಾವಾಗಲೂ ಓಡಾಡಿಕೊಂಡಿದ್ದ ಬೆಕ್ಕುಗಳೆಲ್ಲ ಕಳ್ಳರಂತೆ ಕಾಣತೊಡಗಿದವು, ಅಷ್ಟೇ.

ಪೈಲಟ್‌ಗಳ ಹೇಳಿಕೆಗಳು ಪರಸ್ಪರ ಹೊಂದುವುದಿಲ್ಲ ಎಂಬುದೂ ರಹಸ್ಯವೇನಲ್ಲ. ಬಲೂನು ಹೆಚ್ಚುಕಡಿಮೆ ನಿಂತ ಹಾಗೆ ಇರುತ್ತದೆ. ಎಫ್-22 ಅಥವಾ ಎಫ್-16 ಆ ಎತ್ತರದಲ್ಲಿ ಗಂಟೆಗೆ ನೂರಾರು ಕಿಲೋಮೀಟರ್ ವೇಗಕ್ಕಿಂತ ಕೆಳಗಿಳಿದರೆ ತಾನೇ ಬೀಳುತ್ತದೆ. ಹೆದ್ದಾರಿಯಲ್ಲಿ ಓಡುವ ಬಸ್ಸಿನ ಕಿಟಕಿಯಿಂದ ಬೇಲಿಗೆ ಸಿಕ್ಕಿಕೊಂಡ ಕಾಗದವನ್ನು ಓದಲು ಹೊರಟಂತೆ ಆ ನೋಟ. ಒಬ್ಬನಿಗೆ ಸಿಲಿಂಡರ್, ಒಬ್ಬನಿಗೆ ಎಂಟು ಮೂಲೆ ಕಂಡರೆ ಆಶ್ಚರ್ಯವಿಲ್ಲ.

ಸಂಶಯಪಿಶಾಚಿ

ರೇಡಾರ್ ಕಿವಿಯವರೇ, ಯಂತ್ರದ ವಿಷಯ ಒಪ್ಪಿದೆ. ಆದರೆ ತಾವು ಹೇಳಿದ್ದು ಕಂಡದ್ದು ಹೇಗೆ ಎಂಬುದನ್ನು ಮಾತ್ರ. ಮುಚ್ಚಿಟ್ಟದ್ದು ಏಕೆ ಎಂಬುದನ್ನಲ್ಲ.

ಆ ವಾರದ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ. ‘ಇವುಗಳನ್ನು ನಾನು ಬಲೂನು ಎಂದು ವರ್ಗೀಕರಿಸುತ್ತಿಲ್ಲ, ವಸ್ತು ಎಂದು ಕರೆಯುವುದಕ್ಕೆ ಕಾರಣವಿದೆ’ ಎಂಬ ಅರ್ಥದ ಮಾತನ್ನು 12ರಂದು ಆಡಿದವರು ಅದೇ ವ್ಯಾನ್‌ಹೆರ್ಕ್. ಅನ್ಯಗ್ರಹ ಜೀವಿಗಳ ಬಗ್ಗೆ ಪತ್ರಕರ್ತರು ಕೇಳಿದಾಗ, ತಾನು ಯಾವುದನ್ನೂ ತಳ್ಳಿಹಾಕಿಲ್ಲ ಎಂದವರೂ ಅವರೇ. ಮರುದಿನ ಶ್ವೇತಭವನದ ವಕ್ತಾರರಾದ ಕರೀನ್ ಜಾನ್-ಪಿಯೆರ್ ಮುಂದೆ ಬಂದು, ಅನ್ಯಗ್ರಹದ ಚಟುವಟಿಕೆಯ ಸುಳಿವೇನೂ ಇಲ್ಲ ಎಂದು ಸ್ಪಷ್ಟೀಕರಣ ಕೊಡಬೇಕಾಯಿತು. ನಾಲ್ಕು ದಿನಗಳಲ್ಲಿ ಅದೇ ವಸ್ತು ಬಲೂನಾಯಿತು. ಆ ನಾಲ್ಕು ದಿನಗಳಲ್ಲಿ ಅವಶೇಷವೂ ಸಿಕ್ಕಿರಲಿಲ್ಲ, ಚಿತ್ರವೂ ಹೊರಬಂದಿರಲಿಲ್ಲ. ಹಾಗಾದರೆ ಅವರ ತಿಳಿವಳಿಕೆಯಲ್ಲಿ ಬದಲಾದದ್ದೇನು? ಹ್ಯೂರನ್ ಸರೋವರದ ಘಟನೆಯಂತೂ ಪೆಂಟಗನ್‌ಗಿಂತ ಮೊದಲು ಮಿಷಿಗನ್ನಿನ ಸಂಸದರ ಟ್ವೀಟ್‌ಗಳಿಂದ ಹೊರಬಿತ್ತು.

ಇನ್ನು ಯೂಕಾನಿನ ಚಿತ್ರ. ಅದು ಹೊರಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ, ಅಂದರೆ ಒಂದೂವರೆ ವರ್ಷದ ನಂತರ, ಅದೂ ಪತ್ರಕರ್ತರು ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಮೇಲೆ. ಮಸುಕು ಮಸುಕಾದ ಒಂದು ಚುಕ್ಕೆ. ಜೊತೆಯಲ್ಲಿ ಬಂದ ಕಡತಗಳು ಹೇಳಿದ್ದೇನೆಂದರೆ, ಆ ಚಿತ್ರವನ್ನು ಬಿಡುಗಡೆ ಮಾಡುವ ಆಲೋಚನೆ ಮೊದಲೇ ಇತ್ತು. ಆದರೆ ವಸ್ತು ನಿರುಪದ್ರವಿ ಎಂಬ ಮಾತುಗಳು ಆಗಲೇ ಓಡಾಡುತ್ತಿದ್ದುದರಿಂದ ಚಿತ್ರ ಕೊಟ್ಟರೆ ಮತ್ತಷ್ಟು ಪ್ರಶ್ನೆಗಳೂ ಗೊಂದಲವೂ ಹುಟ್ಟಬಹುದೆಂದು ಅಧಿಕಾರಿಗಳು ಅಳುಕಿದರು. ಪ್ರಶ್ನೆ ಹುಟ್ಟಬಾರದೆಂದು ಉತ್ತರವನ್ನು ಬಚ್ಚಿಡುವುದು! ಹಗ್ಗವನ್ನು ಹಾವೆಂದು ಭ್ರಮಿಸಿದ ಕಥೆಯಲ್ಲಿ ದೀಪ ತಂದರೆ ಭ್ರಮೆ ಹರಿಯುತ್ತದೆ. ಇಲ್ಲಿ ಹಗ್ಗವನ್ನು ಮೊದಲು ಸುಟ್ಟರು, ಆಮೇಲೆ ದೀಪವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಒಂದೇ ಪ್ರಶ್ನೆ

ಆ ಚಿತ್ರ ಮಸುಕಾಗಿತ್ತು ಎಂದು ತಾವೇ ಹೇಳುತ್ತಿದ್ದೀರಿ. ಫೆಬ್ರವರಿ 11ರ ಸಂಜೆಯೇ ಅದನ್ನು ಕೊಟ್ಟಿದ್ದರೆ ತಾವು ನಂಬುತ್ತಿದ್ದಿರಾ, ಅಥವಾ ‘ಸ್ಪಷ್ಟವಾದದ್ದನ್ನು ಮುಚ್ಚಿಟ್ಟು ಮಸುಕಾದದ್ದನ್ನು ಕೊಟ್ಟರು’ ಎನ್ನುತ್ತಿದ್ದಿರಾ?

ಸಂಶಯಪಿಶಾಚಿ

ಪ್ರಾಮಾಣಿಕವಾಗಿ ಹೇಳುವುದಾದರೆ ಎರಡನೆಯದನ್ನೇ ಅನ್ನುತ್ತಿದ್ದೆ. ಹಾಗೆ ಅನ್ನುವ ಸ್ವಭಾವ ನನಗೆ ಹುಟ್ಟಿನಿಂದ ಬಂದದ್ದಲ್ಲ ಎಂಬುದಷ್ಟೇ ನನ್ನ ವಾದ.

ಹಳೆಯ ಕಡತ

ಆ ಸ್ವಭಾವ ಎಲ್ಲಿಂದ ಬಂತೆಂಬುದಕ್ಕೆ ದಾಖಲೆಗಳಿವೆ. ನಿಧಾನವಾಣಿಯವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ‘ಹವಾಮಾನ ಬಲೂನು’ ಎಂಬ ಪದವನ್ನು ಅಮೆರಿಕದ ಸರ್ಕಾರ ಸುಳ್ಳಿಗಾಗಿ ಎಷ್ಟು ಬಾರಿ ಬಳಸಿಕೊಂಡಿತೆಂದರೆ, ಅದೇ ಪದ ನಿಜಕ್ಕೆ ಬೇಕಾದ ದಿನ ಅದರಲ್ಲಿ ಸತ್ವ ಉಳಿದಿರಲಿಲ್ಲ.

1947ರ ಜುಲೈ 8ರಂದು ನ್ಯೂ ಮೆಕ್ಸಿಕೊದ ರೋಸ್‌ವೆಲ್ ವಾಯುನೆಲೆಯೇ ‘ಹಾರುವ ತಟ್ಟೆ’ ಸಿಕ್ಕಿದೆ ಎಂದು ಪತ್ರಿಕೆಗಳಿಗೆ ತಿಳಿಸಿತು. ಕೆಲವೇ ಗಂಟೆಗಳಲ್ಲಿ ಮೇಲಿನವರು ಅದನ್ನು ಹಿಂತೆಗೆದುಕೊಂಡು ಹವಾಮಾನ ಬಲೂನು ಎಂದರು. ಅದು ಹವಾಮಾನ ಬಲೂನಾಗಿರಲಿಲ್ಲ. ಸೋವಿಯತ್ ಒಕ್ಕೂಟ ಅಣುಬಾಂಬ್ ಪರೀಕ್ಷೆ ಮಾಡಿದರೆ ಅದರ ಸದ್ದನ್ನು ವಾತಾವರಣದ ಮೇಲ್ಪದರದಲ್ಲಿ ಹಿಡಿಯುವುದಕ್ಕಾಗಿ ಕೇಳುಯಂತ್ರಗಳನ್ನು ಕಟ್ಟಿ ಹಾರಿಸುತ್ತಿದ್ದ ‘ಪ್ರಾಜೆಕ್ಟ್ ಮೊಗಲ್’ ಎಂಬ ರಹಸ್ಯ ಯೋಜನೆಯ ಬಲೂನುಮಾಲೆ ಅದಾಗಿತ್ತೆಂದು ವಾಯುಸೇನೆ ಹೇಳಿದ್ದು 1994ರಲ್ಲಿ. ನಡುವಿನ 47 ವರ್ಷಗಳಲ್ಲಿ ಅನ್ಯಗ್ರಹ ಜೀವಿಗಳು ಆ ಊರಿನಲ್ಲಿ ತಳವೂರಿಬಿಟ್ಟಿದ್ದವು. ಇಲ್ಲಿ ಒಂದು ಸೂಕ್ಷ್ಮವಿದೆ: ಸರ್ಕಾರ ಏನನ್ನೋ ಮುಚ್ಚಿಡುತ್ತಿದೆ ಎಂದವರು ಸರಿಯಾಗಿಯೇ ಹೇಳಿದ್ದರು. ಏನನ್ನು ಎಂಬುದರಲ್ಲಷ್ಟೇ ಅವರು ತಪ್ಪಿದ್ದು.

1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಯು-2 ಬೇಹುಗಾರಿಕಾ ವಿಮಾನ ಉರುಳಿದಾಗ, ಅದು ನಾಸಾದ ಹವಾಮಾನ ಸಂಶೋಧನಾ ವಿಮಾನ, ದಾರಿ ತಪ್ಪಿ ಹೋಗಿದೆ ಎಂದು ಅಮೆರಿಕ ಪ್ರಕಟಿಸಿತು. ಪೈಲಟ್ ಫ್ರಾನ್ಸಿಸ್ ಗ್ಯಾರಿ ಪವರ್ಸ್ ಸತ್ತಿದ್ದಾನೆಂದು ನಂಬಿ ಹೇಳಿದ ಸುಳ್ಳದು. ಸೋವಿಯತ್ ನಾಯಕ ಕ್ರುಶ್ಚೇವ್ ಒಂದೆರಡು ದಿನ ಸುಮ್ಮನಿದ್ದು, ಪೈಲಟ್ ಜೀವಂತನಿದ್ದಾನೆ, ನಮ್ಮ ಕೈಯಲ್ಲಿದ್ದಾನೆ ಎಂದರು. ಮತ್ತೆ ಹವಾಮಾನ! ಸಿಐಎ ಇತಿಹಾಸಕಾರ ಜೆರಾಲ್ಡ್ ಹೇನ್ಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ: 1950ರ ದಶಕದ ಕೊನೆಯಿಂದ 1960ರ ದಶಕದುದ್ದಕ್ಕೂ ಬಂದ ಹಾರುವ ತಟ್ಟೆಗಳ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಮೆರಿಕದ್ದೇ ರಹಸ್ಯ ವಿಮಾನಗಳನ್ನು ಕಂಡವರದ್ದು, ಅದನ್ನು ಬಲ್ಲ ಅಧಿಕಾರಿಗಳು ಜನರಿಗೆ ಮಂಜಿನ ಹರಳು, ಉಷ್ಣಾಂಶದ ಏರುಪೇರು ಎಂಬಂಥ ಕಾರಣಗಳನ್ನು ಕೊಟ್ಟು ಕಳುಹಿಸಿದರು.

ಇನ್ನೊಂದು ಘಟನೆ ನೆನಪಿಗೆ ಬರುತ್ತದೆ. 1942ರ ಫೆಬ್ರವರಿ 24–25ರ ರಾತ್ರಿ ಲಾಸ್ ಏಂಜಲೀಸ್ ಆಕಾಶಕ್ಕೆ ವಿಮಾನನಿರೋಧಕ ಫಿರಂಗಿಗಳು 1,400ಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದವು. ಬೆಳಗಾದ ಮೇಲೆ ನೌಕಾದಳದ ಕಾರ್ಯದರ್ಶಿ ನಾಕ್ಸ್ ಅದು ಹುಸಿ ಎಚ್ಚರಿಕೆ ಎಂದರೆ, ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಹದಿನೈದರಷ್ಟು ವಿಮಾನಗಳು ಬಂದಿದ್ದಿರಬಹುದು ಎಂದರು. ಒಂದೇ ಸರ್ಕಾರ, ಒಂದೇ ರಾತ್ರಿ, ಎರಡು ಆಕಾಶ. ನಂತರದ ಅಧಿಕೃತ ಇತಿಹಾಸ ಇದನ್ನು ಯುದ್ಧಕಾಲದ ಗಾಬರಿಯೆಂದಿತು, ಆ ಗಾಬರಿಗೆ ಕಿಡಿ ಹೊತ್ತಿಸಿದ್ದು ಒಂದು ಹವಾಮಾನ ಬಲೂನಿರಬಹುದೆಂದಿತು. ಇದು ಬಹುಶಃ ನಿಜವೇ. ಆದರೆ ಈಗ ಯಾರ ಬಳಿ ಹೇಳಿದರೂ ನಗುತ್ತಾರೆ.

ನಿಧಾನವಾಣಿ

ಹಳೆಯ ಕಡತದವರೇ, ತಾವು ಬರೆದದ್ದನ್ನು ಓದುವಾಗ ಹೊಳೆದದ್ದು: 2023ರ ಫೆಬ್ರವರಿ 3ರಂದು ಚೀನಾ ತನ್ನ ಆ ಮೊದಲ ಬಲೂನಿನ ಬಗ್ಗೆ ಹೇಳಿದ್ದೂ ಇದನ್ನೇ. ಅದು ಹವಾಮಾನ ಸಂಶೋಧನೆಯ ನಾಗರಿಕ ವಾಯುನೌಕೆ, ಗಾಳಿಗೆ ಸಿಕ್ಕಿ ದಾರಿ ತಪ್ಪಿತು ಎಂದು. ಆ ವಿವರಣೆಯನ್ನು ಅಮೆರಿಕ ಸುಳ್ಳೆಂದು ಇಡೀ ಜಗತ್ತಿನ ಮುಂದೆ ತಳ್ಳಿಹಾಕಿತು, ವಿದೇಶಾಂಗ ಕಾರ್ಯದರ್ಶಿ ಬ್ಲಿಂಕನ್ ಬೀಜಿಂಗ್ ಪ್ರವಾಸವನ್ನೇ ಮುಂದೂಡಿದರು. ಎರಡು ವಾರ ಕಳೆಯುವುದರೊಳಗೆ ಅದೇ ಅಮೆರಿಕ, ಉಳಿದ ಮೂರಕ್ಕೆ ಅದೇ ವಿವರಣೆಯನ್ನು ತಾನು ಕೊಟ್ಟು ನಂಬಿ ಎಂದಿತು. ಎರಡೂ ಕಡೆ ಅಮೆರಿಕ ಹೇಳಿದ್ದು ಸರಿಯೇ ಇರಬಹುದು; ಆದರೆ ಕೇಳುಗನಿಗೆ ಮಾತಿನ ಮೇಲೆ ಮಾತು ಬಿದ್ದು ಎರಡೂ ಉರುಳಿದವು.

ಚೀನಾದ ಬಲೂನಿನ ಕಥೆಗೂ ಒಂದು ಬಾಲವಿದೆ. ಅಮೆರಿಕದ ಮೇಲೆ ಹಾದುಹೋಗುವಾಗ ಅದು ಮಾಹಿತಿಯನ್ನು ಸಂಗ್ರಹಿಸಲಿಲ್ಲವೆಂದು ತಮ್ಮ ಅಂದಾಜು ಎಂದು ಪೆಂಟಗನ್ ವಕ್ತಾರರು 2023ರ ಜೂನ್‌ನಲ್ಲಿ ಹೇಳಿದರು. ಅದು ಬೇಹುಗಾರಿಕಾ ಬಲೂನೇ, ಆದರೆ ಏನನ್ನೂ ಸಂಗ್ರಹಿಸಲಿಲ್ಲ, ಕಳುಹಿಸಲೂ ಇಲ್ಲ ಎಂದು ಮಿಲಿ ಸೆಪ್ಟೆಂಬರ್‌ನಲ್ಲಿ ಪುನರುಚ್ಚರಿಸಿದರು. ಫೆಬ್ರವರಿಯ ಗದ್ದಲ ಕೇಳಿದವರಲ್ಲಿ ಈ ಮಾತುಗಳನ್ನು ಕೇಳಿದವರೆಷ್ಟು ಮಂದಿ?

ನಭೋನೀತಿ

ಚರ್ಚೆ ನಂಬಿಕೆಯ ಸುತ್ತಲೇ ತಿರುಗುತ್ತಿದೆ. ಹೊಡೆಯಬಹುದಿತ್ತೇ ಎಂಬುದನ್ನು ಯಾರೂ ಕೇಳಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಕುರಿತ 1944ರ ಶಿಕಾಗೊ ಒಪ್ಪಂದದ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಸಾರ್ವಭೌಮತ್ವವಿದೆ ಎನ್ನುತ್ತದೆ. ಎಂಟನೆಯ ವಿಧಿ, ಪೈಲಟ್ ಇಲ್ಲದ ವಿಮಾನಗಳು ಅನುಮತಿಯಿಲ್ಲದೆ ಇನ್ನೊಂದು ದೇಶದ ಮೇಲೆ ಹಾರಬಾರದೆನ್ನುತ್ತದೆ. ಆದ್ದರಿಂದ ಚೀನಾದ ಬಲೂನನ್ನು ಉರುಳಿಸುವ ಹಕ್ಕಿನ ಬಗ್ಗೆ ಗಂಭೀರವಾದ ವಿವಾದವೇನಿಲ್ಲ.

ಆದರೆ ಗುರುತಿಲ್ಲದ ವಸ್ತುವಿನ ಮೇಲೆ ಗುಂಡು ಹಾರಿಸುವ ಅಭ್ಯಾಸ ಎಲ್ಲಿಗೆ ಒಯ್ಯುತ್ತದೆಂಬುದನ್ನು ಜಗತ್ತು ರಕ್ತ ಕೊಟ್ಟು ಕಲಿತಿದೆ. 1983ರ ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನವನ್ನು ಹೊಡೆದಾಗ 269 ಜನ ಸತ್ತರು. ಮೊದಲು ತಮಗೇನೂ ಗೊತ್ತಿಲ್ಲವೆಂದ ಸೋವಿಯತ್ ಸರ್ಕಾರ ಕೆಲವು ದಿನಗಳ ನಂತರ ಒಪ್ಪಿತು. ತಾನು ಸಮುದ್ರದಿಂದ ಗುಟ್ಟಾಗಿ ಎತ್ತಿಟ್ಟುಕೊಂಡಿದ್ದ ಕಪ್ಪುಪೆಟ್ಟಿಗೆಗಳ ಗುಟ್ಟು ರಟ್ಟಾದದ್ದು 1992ರಲ್ಲಿ, ಆ ಸರ್ಕಾರವೇ ಇಲ್ಲವಾದ ಮೇಲೆ. ಆ ದುರಂತದ ಫಲವಾಗಿ 1984ರಲ್ಲಿ ಶಿಕಾಗೊ ಒಪ್ಪಂದಕ್ಕೆ 3 ಬಿಸ್ ಎಂಬ ವಿಧಿ ಸೇರಿತು: ಹಾರಾಟದಲ್ಲಿರುವ ನಾಗರಿಕ ವಿಮಾನದ ಮೇಲೆ ಆಯುಧ ಪ್ರಯೋಗಿಸಬಾರದು. ಅದು ಜಾರಿಗೆ ಬರುವುದಕ್ಕೆ 1998 ಬೇಕಾಯಿತು. ನಡುವೆ, 1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ 655 ವಿಮಾನವನ್ನು ಯುದ್ಧವಿಮಾನವೆಂದು ಭಾವಿಸಿ ಹೊಡೆಯಿತು, 290 ಜನ. ವಿಧಿ ಜಾರಿಗೆ ಬಂದ ಮೇಲೂ 2020ರ ಜನವರಿ 8ರಂದು ಟೆಹರಾನ್ ಬಳಿ ಇರಾನಿನ ಕ್ಷಿಪಣಿಗೆ ಸಿಕ್ಕಿ ಉಕ್ರೇನಿನ 752 ವಿಮಾನದ 176 ಜನ ಸತ್ತರು, ಇರಾನ್ ಮೂರು ದಿನ ನಿರಾಕರಿಸಿ ಆಮೇಲೆ ಒಪ್ಪಿತು.

ಇವೆಲ್ಲ ವಿಮಾನಗಳು, ಬಲೂನಿನ ಮಾತೇ ಬೇರೆ ಎನ್ನುವವರಿಗೆ 1995ರ ಸೆಪ್ಟೆಂಬರ್ 12ನ್ನು ನೆನಪಿಸುತ್ತೇನೆ. ಸ್ವಿಟ್ಜರ್ಲೆಂಡಿನಿಂದ ಹೊರಟ ಗಾರ್ಡನ್ ಬೆನೆಟ್ ಅನಿಲ ಬಲೂನು ಸ್ಪರ್ಧೆಯ ಬಲೂನೊಂದು ಬೆಲಾರಸ್ ಆಕಾಶವನ್ನು ಹೊಕ್ಕಿತು. ಸ್ಪರ್ಧೆಯ ವಿಷಯವನ್ನು ಆಯೋಜಕರು ತಿಂಗಳುಗಳ ಹಿಂದೆಯೇ ಆ ದೇಶಕ್ಕೆ ತಿಳಿಸಿದ್ದರು. ಆದರೂ ಸೇನಾ ಹೆಲಿಕಾಪ್ಟರ್ ಅದನ್ನು ಹೊಡೆದುರುಳಿಸಿತು. ಬುಟ್ಟಿಯಲ್ಲಿದ್ದ ಇಬ್ಬರು ಅಮೆರಿಕನ್ನರು ಸತ್ತರು. ಫೆಬ್ರವರಿ 2023ರಲ್ಲಿ ವಸ್ತುಗಳೊಳಗೆ ಮನುಷ್ಯರಿಲ್ಲ ಎಂಬುದನ್ನು ಖಚಿತಪಡಿಸಿಕೊಂಡೇ ಹೊಡೆದರೆಂದು ಅಮೆರಿಕ ಹೇಳಿತು. ಆ ಒಂದು ಎಚ್ಚರಿಕೆಯನ್ನು ಅವರ ಲೆಕ್ಕಕ್ಕೆ ಜಮಾ ಮಾಡಲೇಬೇಕು.

ಸಂಶಯಪಿಶಾಚಿ

ಜಮಾ ಮಾಡಿದೆ. ಖರ್ಚನ್ನೂ ಬರೆಯೋಣ. ಇವನ್ನು ಉರುಳಿಸಲು ಬಳಸಿದ ಸೈಡ್‌ವೈಂಡರ್ ಕ್ಷಿಪಣಿ ಒಂದಕ್ಕೆ 4 ಲಕ್ಷ ಡಾಲರ್‌ಗೂ ಹೆಚ್ಚು. ತಪ್ಪಿಹೋದದ್ದೂ ಸೇರಿ ಒಟ್ಟು ಐದು. ಅದರಲ್ಲಿ ನಾಲ್ಕು ಗುಬ್ಬಿಯ ಮೇಲೆ ಹೂಡಿದ ಬ್ರಹ್ಮಾಸ್ತ್ರ. ಗನ್ ಬಳಸಬಾರದಿತ್ತೇ?

ರೇಡಾರ್ ಕಿವಿ

ಗನ್ ಬಳಸಿ ನೋಡಿದವರಿದ್ದಾರೆ. 1998ರ ಆಗಸ್ಟ್‌ನಲ್ಲಿ ಕೆನಡಾದ ಓಜೋನ್ ಸಂಶೋಧನೆಯ ಬಲೂನೊಂದು ನಿಯಂತ್ರಣ ತಪ್ಪಿ ಅಟ್ಲಾಂಟಿಕ್‌ನತ್ತ ಹೊರಟಾಗ ಎರಡು ಸಿಎಫ್-18 ಯುದ್ಧವಿಮಾನಗಳು ಅದಕ್ಕೆ ಸಾವಿರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿದವು. ಬಲೂನು ಬೀಳಲಿಲ್ಲ, ಸಾಗರವನ್ನೇ ದಾಟಿಕೊಂಡು ಯುರೋಪಿನ ಕಡೆ ಹೋಯಿತು. ದೊಡ್ಡ ಸಂಶೋಧನಾ ಬಲೂನಿನ ಒಳಗೂ ಹೊರಗೂ ಒತ್ತಡ ಹೆಚ್ಚುಕಡಿಮೆ ಒಂದೇ ಇರುವುದರಿಂದ, ತೂತು ಬಿದ್ದರೆ ಮಕ್ಕಳ ಪುಗ್ಗದಂತೆ ಒಡೆಯುವುದಿಲ್ಲ, ನಿಧಾನವಾಗಿ ಸೋರುತ್ತದೆ. ಅದಾದರೂ ಹತ್ತಾರು ಮಹಡಿಯಷ್ಟು ದೊಡ್ಡದಿತ್ತು. ಹ್ಯೂರನ್ ಮೇಲಿದ್ದದ್ದು ಗನ್ನಿನ ಗುರಿಗೆ ನಿಲುಕದಷ್ಟು ಚಿಕ್ಕದಾಗಿತ್ತೆಂದು ನೋರಾಡ್ ಹೇಳಿದೆ.

ಮತ್ತೊಂದು ಮಾತು. ಆ ಮೂರನ್ನು ಹೊಡೆಯಲು ಕೊಟ್ಟ ಮುಖ್ಯ ಕಾರಣ ನಾಗರಿಕ ವಿಮಾನಗಳ ಸುರಕ್ಷತೆ. ಇದನ್ನು ನೆಪವೆಂದು ನಕ್ಕವರಲ್ಲಿ ನಾನೂ ಒಬ್ಬ. 2025ರ ಅಕ್ಟೋಬರ್ 16ರಂದು ಯೂಟಾ ರಾಜ್ಯದ ಮೇಲೆ 36,000 ಅಡಿಯಲ್ಲಿ ಹಾರುತ್ತಿದ್ದ ಯುನೈಟೆಡ್ ಏರ್‌ಲೈನ್ಸ್ ವಿಮಾನದ ಮುಂಗಾಜು ಸೀಳಿ, ಚೂರುಗಳು ತಗುಲಿ ಪೈಲಟ್‌ಗೆ ಗಾಯಗಳಾದವು. ಬಡಿದದ್ದು ಬಹುಶಃ ನಮ್ಮದೇ ಹವಾಮಾನ ಬಲೂನು ಎಂದು ವಿಂಡ್‌ಬೋರ್ನ್ ಕಂಪನಿ ತಾನಾಗಿಯೇ ಮುಂದೆ ಬಂದು ಹೇಳಿತು. ಒಂದು ಕಿಲೋಗ್ರಾಂಗಿಂತ ಸ್ವಲ್ಪ ಹೆಚ್ಚು ತೂಕದ ಬಲೂನು! ಅಂದಿನಿಂದ ನಾನು ನಗುವುದನ್ನು ಬಿಟ್ಟಿದ್ದೇನೆ. ಆದರೆ ಗಮನಿಸಿ: ಕಂಪನಿ ಕೆಲವೇ ದಿನಗಳಲ್ಲಿ ಹಾರಾಟದ ಮಾಹಿತಿಯೊಂದಿಗೆ ಹೇಳಿದ್ದರಿಂದ, ಈ ಘಟನೆಗೆ ಅನ್ಯಗ್ರಹದ ಬಾಲ ಅಂಟಿಕೊಳ್ಳಲೇ ಇಲ್ಲ.

ಒಂದೇ ಪ್ರಶ್ನೆ

ಹಾಗಾದರೆ ಆಕಾಶದಲ್ಲಿ ಒಟ್ಟು ಎಷ್ಟು ಬಲೂನುಗಳಿರುತ್ತವೆ?

ಪಿಕೊ ಪಯಣಿಗ

ಹವ್ಯಾಸಿ ಬಲೂನು ಹಾರಿಸುವವನಾಗಿ ಉತ್ತರಿಸುತ್ತೇನೆ. ಹವಾಮಾನ ಇಲಾಖೆಗಳ ರಬ್ಬರ್ ಬಲೂನುಗಳನ್ನೇ ತೆಗೆದುಕೊಂಡರೆ, ಜಗತ್ತಿನಾದ್ಯಂತ ನೂರಾರು ಕೇಂದ್ರಗಳಿಂದ ದಿನಕ್ಕೆ ಎರಡು ಹೊತ್ತು ಏರುತ್ತವೆ. ಆದರೆ ಅವು ಎರಡು ಗಂಟೆಯಲ್ಲಿ 30 ಕಿಲೋಮೀಟರ್ ದಾಟಿ ಒಡೆದುಹೋಗುತ್ತವೆ. 40,000 ಅಡಿಯಲ್ಲಿ ದಿನಗಟ್ಟಲೆ ತೇಲುವುದಿಲ್ಲ. ತೇಲುವುದು ನಮ್ಮಂಥವರದ್ದು. ಮೈಲಾರ್ ಎಂಬ ಹಿಗ್ಗದ ಪ್ಲಾಸ್ಟಿಕ್ ಹಾಳೆಯ ಚೀಲಕ್ಕೆ ಅಳತೆ ಮಾಡಿ ಅನಿಲ ತುಂಬಿದರೆ, ಸುತ್ತಲಿನ ಗಾಳಿಯ ಸಾಂದ್ರತೆಗೆ ತನ್ನ ತೂಕ ಸರಿಹೊಂದಿದ ಎತ್ತರದಲ್ಲಿ ಅದು ನಿಂತುಬಿಡುತ್ತದೆ. ಹಲವು ಬಲೂನುಗಳಿಗೆ ಆ ಎತ್ತರ ಸುಮಾರು 40,000 ಅಡಿ. ಅಲಾಸ್ಕಾ ಮತ್ತು ಯೂಕಾನಿನ ಸುದ್ದಿಯಲ್ಲಿ ಆ ಸಂಖ್ಯೆಯನ್ನು ಕೇಳಿದೊಡನೆಯೇ ನನ್ನ ಕಿವಿ ನೆಟ್ಟಗಾಯಿತು. ಕೆಳಗೆ ಕೆಲವು ಗ್ರಾಂ ತೂಕದ ರೇಡಿಯೊ, ಅಂಗೈಗಿಂತ ಚಿಕ್ಕ ಸೌರಫಲಕ, ಕೂದಲೆಳೆಯಂಥ ಆಂಟೆನಾ ತಂತಿ ನೇತಾಡುತ್ತವೆ. ದಾರಗಳು ಎಂದು ಪೈಲಟ್ ಹೇಳಿದ್ದರಲ್ಲಿ ನನಗೇನೂ ವಿಚಿತ್ರ ಕಾಣಲಿಲ್ಲ.

ಅಮೆರಿಕದ ವಾಯುಯಾನ ನಿಯಮಗಳ ಪ್ರಕಾರ ಇಷ್ಟು ಹಗುರಾದ ಬಲೂನನ್ನು ಹಾರಿಸುವವರು ಯಾರಿಗೂ ಮುಂಚಿತವಾಗಿ ತಿಳಿಸಬೇಕಾಗಿಲ್ಲ. ಅಂದರೆ ಇದೇನೆಂದು ತಿಳಿಯಲು ಸರ್ಕಾರದ ಬಳಿ ಯಾವ ಪಟ್ಟಿಯೂ ಇರಲಿಲ್ಲ. ಫೆಬ್ರವರಿ 16ರ ಭಾಷಣದಲ್ಲಿ ಬೈಡನ್ ಮಾಡಿದ ಪ್ರಸ್ತಾಪಗಳಲ್ಲಿ ಮೊದಲನೆಯದೇ ಮಾನವರಹಿತ ವಸ್ತುಗಳ ದಾಖಲೆ ಪಟ್ಟಿ. ನನ್ನ ಮಟ್ಟಿಗೆ ಆ ದಿನದ ಅತ್ಯಂತ ಪ್ರಾಮಾಣಿಕವಾದ ಮಾತು ಅದು. ‘ನಮಗೆ ಗೊತ್ತಿಲ್ಲ, ಗೊತ್ತಾಗುವ ವ್ಯವಸ್ಥೆಯೂ ಇಲ್ಲ’ ಎಂಬುದರ ಗೌರವಾನ್ವಿತ ರೂಪ.

ಹಳೆಯ ಕಡತ

ಇದಕ್ಕೆ ಒಂದು ಅಡಿಟಿಪ್ಪಣಿ. ಚೀನಾದ ಬಲೂನು ಸುದ್ದಿಯಾಗುವುದಕ್ಕೆ ಮೂರು ವಾರ ಮೊದಲು, 2023ರ ಜನವರಿಯಲ್ಲಿ, ಅಮೆರಿಕದ ಗುಪ್ತಚರ ನಿರ್ದೇಶಕರ ಕಚೇರಿ ಗುರುತಿಸಲಾಗದ ವೈಮಾನಿಕ ವಿದ್ಯಮಾನಗಳ ಬಗ್ಗೆ ವರದಿ ಪ್ರಕಟಿಸಿತು. ಹೊಸದಾಗಿ ಸೇರಿದ 366 ಪ್ರಕರಣಗಳಲ್ಲಿ 163ನ್ನು ಬಲೂನು ಅಥವಾ ಬಲೂನಿನಂಥ ವಸ್ತುಗಳೆಂದೇ ವರ್ಗೀಕರಿಸಲಾಗಿತ್ತು, 26 ಡ್ರೋನ್‌ಗಳು. ಅಂದರೆ ‘ಬಲೂನು’ ಎಂಬ ಉತ್ತರ ಬೈಡನ್ ಬಾಯಿಗೆ ದಿಢೀರನೆ ಬಂದದ್ದಲ್ಲ. ಅವರದೇ ಕಡತದಲ್ಲಿ ಮೊದಲೇ ಮುದ್ರಣವಾಗಿದ್ದ ಸಂಗತಿಯನ್ನು ಆ ನಾಲ್ಕು ದಿನಗಳಲ್ಲಿ ಯಾವ ಅಧಿಕಾರಿಯೂ ಎತ್ತಿ ಓದಲಿಲ್ಲ ಎಂಬುದೇ ನನ್ನ ದೂರು.

ಸಂಶಯಪಿಶಾಚಿ

ಆ ದೂರು ನನ್ನದಕ್ಕಿಂತ ಹರಿತವಾಗಿದೆ. ಒಪ್ಪಿಕೊಳ್ಳುತ್ತೇನೆ.

ಆದರೆ ಅವರು ಪಾಠ ಕಲಿತರೆಂದು ಮಾತ್ರ ಹೇಳಬೇಡಿ. 2024ರ ನವೆಂಬರ್–ಡಿಸೆಂಬರ್‌ನಲ್ಲಿ ನ್ಯೂಜೆರ್ಸಿಯ ರಾತ್ರಿ ಆಕಾಶದಲ್ಲಿ ಡ್ರೋನ್‌ಗಳು ಕಾಣುತ್ತಿವೆ ಎಂದು ಎಫ್‌ಬಿಐಗೆ 5,000ಕ್ಕೂ ಹೆಚ್ಚು ಮಾಹಿತಿಗಳು ಬಂದವು. ಮುಂದುವರಿಸಿ ನೋಡಲು ಯೋಗ್ಯವಾಗಿದ್ದವು ಸುಮಾರು ನೂರು. ಬಹುಪಾಲು ಸಾಮಾನ್ಯ ವಿಮಾನಗಳು, ನಕ್ಷತ್ರಗಳು, ಕಾನೂನುಬದ್ಧ ಡ್ರೋನ್‌ಗಳು ಎಂದು ಅಧಿಕಾರಿಗಳು ಹೇಳಿದರು. 2025ರ ಜನವರಿ 28ರಂದು ಹೊಸ ಸರ್ಕಾರದ ವಕ್ತಾರರು, ಅವುಗಳಲ್ಲಿ ಹೆಚ್ಚಿನವಕ್ಕೆ ವಾಯುಯಾನ ಆಡಳಿತವೇ ಸಂಶೋಧನೆ ಮುಂತಾದವುಗಳಿಗಾಗಿ ಅನುಮತಿ ಕೊಟ್ಟಿತ್ತು ಎಂದರು. ಹಾಗಾದರೆ ಅಷ್ಟು ವಾರ ಅನುಮತಿ ಕೊಟ್ಟವರು ಸುಮ್ಮನಿದ್ದದ್ದೇಕೆ? ವಾಷಿಂಗ್ಟನ್ ಸರ್ಕಾರ ಸರಿಯಾದುದನ್ನು ಮಾಡುತ್ತದೆಂದು ನಂಬುವವರು 1958ರಲ್ಲಿ ಅಮೆರಿಕನ್ನರಲ್ಲಿ ಸುಮಾರು ಮುಕ್ಕಾಲು ಪಾಲು. 2023ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ. 16. ಉಳಿದ ಶೇ. 84ನ್ನೂ ಪಿಶಾಚಿ ಎನ್ನಲಾಗದು.

ನಿಧಾನವಾಣಿ

ಪಿಕೊ ಪಯಣಿಗರೇ, ಕೊನೆಯದಾಗಿ ಒಂದು ವಿಷಯ ತಮ್ಮಿಂದಲೇ ತಿಳಿಯಬೇಕು. ಯೂಕಾನ್ ಮೇಲೆ ಬಿದ್ದದ್ದು ಹವ್ಯಾಸಿ ಸಂಘವೊಂದರ ಬಲೂನೆಂದು ಎಲ್ಲೆಡೆ ಓದಿದ್ದೇನೆ. ಅದು ಖಚಿತವೇ?

ಪಿಕೊ ಪಯಣಿಗ

ಖಚಿತವಲ್ಲ, ಅದನ್ನು ಮೊದಲು ಹೇಳಿದವರು ಆ ಸಂಘದವರೂ ಅಲ್ಲ. ನಾರ್ದರ್ನ್ ಇಲಿನಾಯ್ ಬಾಟಲ್‌ಕ್ಯಾಪ್ ಬಲೂನ್ ಬ್ರಿಗೇಡ್ ಎಂಬ ಹವ್ಯಾಸಿ ಸಂಘ 2022ರ ಅಕ್ಟೋಬರ್‌ನಲ್ಲಿ ಹಾರಿಬಿಟ್ಟ 32 ಇಂಚಿನ ಬೆಳ್ಳಿಬಣ್ಣದ ಬಲೂನು 120ಕ್ಕೂ ಹೆಚ್ಚು ದಿನ ತೇಲಿ, ಭೂಮಿಯನ್ನು ಹಲವು ಸುತ್ತು ಹಾಕಿ, ಅಲಾಸ್ಕಾದ ಪಶ್ಚಿಮ ತೀರದ ಹ್ಯಾಗ್‌ಮೈಸ್ಟರ್ ದ್ವೀಪದ ಬಳಿಯಿಂದ ಫೆಬ್ರವರಿ 10ರಂದು ಕೊನೆಯ ಸಂಕೇತ ಕಳುಹಿಸಿತು. ಆಗ ಅದು 39,000 ಅಡಿಯ ಆಸುಪಾಸಿನಲ್ಲಿತ್ತು. ಗಾಳಿಯ ಲೆಕ್ಕಾಚಾರದ ಪ್ರಕಾರ ಮರುದಿನ ಅದು ಯೂಕಾನಿನ ಮೇಲಿರಬೇಕಿತ್ತು. ಲೆಕ್ಕ ಹೊಂದುತ್ತದೆ, ಅಷ್ಟೇ.

ಈ ಬಲೂನುಗಳಿಗೆ ಬ್ಯಾಟರಿ ಇರುವುದಿಲ್ಲ. ಸೌರಫಲಕಕ್ಕೆ ಬಿಸಿಲು ತಾಗಿದಾಗ ಮಾತ್ರ ಮಾತನಾಡುತ್ತವೆ, ಕತ್ತಲಾದರೆ ಮೂಕ. ಉತ್ತರದ ಫೆಬ್ರವರಿಯಲ್ಲಿ ಬಿಸಿಲು ಕಡಿಮೆ, ಅದೂ ಓರೆ. ಆದ್ದರಿಂದ ಒಂದು ದಿನ ಸದ್ದಿಲ್ಲದಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಅವರೂ ಕಾದರು. ಸಂಕೇತ ಮತ್ತೆ ಬರಲಿಲ್ಲ. ಜಗತ್ತಿನ ಪತ್ರಕರ್ತರು ಫೋನ್ ಮಾಡತೊಡಗಿದ ಮೇಲೂ ಅವರು ತಮ್ಮ ಬಲೂನನ್ನು ಸೇನೆ ಹೊಡೆಯಿತೆಂದು ಹೇಳಿಕೊಳ್ಳಲಿಲ್ಲ. ತಮ್ಮ ಪುಟದಲ್ಲಿ ಕೊನೆಯ ಸಂಕೇತದ ದಿನ, ವೇಳೆ, ಸ್ಥಳಗಳನ್ನು ಬರೆದು, ಪಕ್ಕದಲ್ಲಿ ‘ಕಾಣೆಯಾಗಿದೆ’ ಎಂದಷ್ಟೇ ನಮೂದಿಸಿದರು.